ಸಾಕ್ಷಿಗೆ ಬೆದರಿಕೆ, ಕೋರ್ಟ್‌ಗೆ ಸುಳ್ಳು: ದೂರು ಎಲ್ಲಿ ಕೊಡಬೇಕು?

ಪ್ರಶ್ನೆ: ಕೊಲೆ ಯತ್ನದ ಪ್ರಕರಣವೊಂದರಲ್ಲಿ ನಾನು ಪ್ರತ್ಯಕ್ಷ ಸಾಕ್ಷಿ. ‘ಏನೂ ನೋಡಿಲ್ಲ ಅಂತ ಹೇಳು, ಇಲ್ಲಾಂದ್ರೆ ನೋಡ್ಕೋತೀವಿ’ ಎಂದು ಆರೋಪಿ ಕಡೆಯವರು ಫೋನ್ ಮಾಡುತ್ತಿದ್ದಾರೆ. ಠಾಣೆಗೆ ಹೋದರೆ ‘ಇದು ಕೋರ್ಟ್ ವಿಷಯ, ಅಲ್ಲೇ ಹೇಳಿ’ ಅಂದರು. ಏನು ಮಾಡಲಿ?

ಉತ್ತರ: ಠಾಣೆಯವರು ಹೇಳಿದ್ದು ಸರಿಯಲ್ಲ. ಸುಳ್ಳು ಸಾಕ್ಷ್ಯ ಹೇಳುವಂತೆ ಬೆದರಿಸುವುದು ಭಾರತೀಯ ನ್ಯಾಯ ಸಂಹಿತೆಯ 232ನೇ ಕಲಂ ಪ್ರಕಾರ ಅಪರಾಧ. ಹಳೆಯ ಐಪಿಸಿಯಲ್ಲಿ ಇದು 195ಎ ಆಗಿತ್ತು. 7 ವರ್ಷದವರೆಗೆ ಜೈಲು, ಅದೂ ಜಾಮೀನುರಹಿತ. ಕೋರ್ಟ್ ದೂರು ಕೊಡುವವರೆಗೆ ಕಾಯಬೇಕಿಲ್ಲ, ಪೊಲೀಸರೇ ಎಫ್‌ಐಆರ್ ದಾಖಲಿಸಬಹುದು ಎಂದು 2025ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ಠಾಣೆಯವರು ಮತ್ತೆ ನಿರಾಕರಿಸಿದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 173(4)ರಡಿ ಎಸ್‌ಪಿಗೆ ಅಂಚೆಯಲ್ಲಿ ಲಿಖಿತ ದೂರು ಕಳಿಸಿ, ರಸೀದಿ ಇಟ್ಟುಕೊಳ್ಳಿ. ಅಲ್ಲೂ ಕೆಲಸವಾಗದಿದ್ದರೆ ಅಫಿಡವಿಟ್ ಸಮೇತ ಮ್ಯಾಜಿಸ್ಟ್ರೇಟರ ಮುಂದೆ ಅರ್ಜಿ ಹಾಕಬಹುದು.

ದೂರಿನಲ್ಲಿ ‘ಬೆದರಿಕೆ ಹಾಕಿದರು’ ಎಂದಷ್ಟೇ ಬರೆದರೆ ಸಾಲದು. ಯಾವ ನಂಬರಿನಿಂದ, ಎಂದು, ಎಷ್ಟು ಗಂಟೆಗೆ, ಯಾವ ಮಾತು ಆಡಿದರು ಎಂಬುದು ಬರಬೇಕು. ‘ನೋಡಿಲ್ಲ ಅಂತ ಹೇಳು’ ಎಂಬ ಮಾತು ಬಿಟ್ಟುಹೋದರೆ ಪ್ರಕರಣ ಬರೀ ಬೆದರಿಕೆಯ ಕಲಂಗೆ ಇಳಿದುಬಿಡುತ್ತದೆ. ಕರೆ ರೆಕಾರ್ಡ್ ಆಗಿದ್ದರೆ ಆ ಫೋನನ್ನು ರೀಸೆಟ್ ಮಾಡಬೇಡಿ, ಮಾರಬೇಡಿ. ಆ ರೆಕಾರ್ಡಿಂಗ್ ಕಡತದ ಪ್ರತಿ ಹಾಜರುಪಡಿಸಲು ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂನ ಪ್ರಮಾಣಪತ್ರ ಬೇಕು: ‘ಎ’ ಭಾಗ ನಿಮ್ಮದು, ‘ಬಿ’ ಭಾಗ ತಜ್ಞರದು, ಎರಡರಲ್ಲೂ ಕಡತದ ಹ್ಯಾಶ್ ಮೌಲ್ಯ (ಕಡತ ತಿದ್ದಿಲ್ಲವೆಂದು ತೋರಿಸುವ ಡಿಜಿಟಲ್ ಗುರುತು) ನಮೂದಾಗಬೇಕು. ವಾಟ್ಸ್‌ಆ್ಯಪ್‌ನಲ್ಲಿ ಫಾರ್ವರ್ಡ್ ಮಾಡಿಟ್ಟ ಪ್ರತಿಯನ್ನಷ್ಟೇ ನಂಬಿ ಕೂತವರು ಪಾಟೀಸವಾಲಿನಲ್ಲಿ ಪರದಾಡುತ್ತಾರೆ.

ದೂರಿನ ಒಂದು ಪ್ರತಿ ಸರ್ಕಾರಿ ಅಭಿಯೋಜಕರಿಗೂ (ಪಬ್ಲಿಕ್ ಪ್ರಾಸಿಕ್ಯೂಟರ್) ಹೋಗಲಿ. ಆರೋಪಿ ಜಾಮೀನಿನ ಮೇಲಿದ್ದರೆ ಅದನ್ನು ರದ್ದುಪಡಿಸಲು ಅರ್ಜಿ ಹಾಕಬೇಕಾದವರು ಅವರು. ರಕ್ಷಣೆ ಬೇಕೆನಿಸಿದರೆ, 2018ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ ಸಾಕ್ಷಿ ಸಂರಕ್ಷಣಾ ಯೋಜನೆಯಡಿ ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ಸಮಿತಿಗೆ ಅರ್ಜಿ ಕೊಡಿ. ಡಿವೈಎಸ್‌ಪಿ ಮಟ್ಟದ ಅಧಿಕಾರಿ ಬೆದರಿಕೆಯ ವರದಿಯನ್ನು 5 ಕೆಲಸದ ದಿನಗಳಲ್ಲಿ ಕೊಡಬೇಕು. ರಕ್ಷಣೆ ಒಂದು ಸಲಕ್ಕೆ ಹೆಚ್ಚೆಂದರೆ 3 ತಿಂಗಳು. ಅವಧಿ ಮುಗಿಯುವ ಮೊದಲೇ ಮುಂದುವರಿಸಲು ಕೇಳಬೇಕು.

ಪ್ರಶ್ನೆ: ಜೀವನಾಂಶದ ಕೇಸಿನಲ್ಲಿ ನನ್ನ ಗಂಡ ಅಫಿಡವಿಟ್‌ನಲ್ಲಿ ಸಂಬಳ ಕಡಿಮೆ ತೋರಿಸಿದ್ದಾರೆ. ಪೊಲೀಸರಿಗೆ ದೂರು ಕೊಡಲೇ?

ಉತ್ತರ: ಇಲ್ಲಿ ಮಾತ್ರ ಪೊಲೀಸರ ಬಳಿ ಹೋಗಿ ಪ್ರಯೋಜನವಿಲ್ಲ. ಕೋರ್ಟ್ ಮುಂದೆ ಹೇಳಿದ ಸುಳ್ಳಿಗೆ ಆ ಕೋರ್ಟೇ ದೂರುದಾರ. ಬಿಎನ್‌ಎಸ್‌ಎಸ್ 215 ಬೇರೆಯವರ ದೂರಿಗೆ ಅವಕಾಶ ಕೊಡುವುದಿಲ್ಲ. ನೀವು 379ನೇ ಕಲಂ ಅಡಿ ಅದೇ ನ್ಯಾಯಾಲಯಕ್ಕೆ ಅರ್ಜಿ ಹಾಕಬೇಕು. ಆದರೆ ಅವಸರ ಬೇಡ. ಇಂಥ ಬಹುಪಾಲು ಅರ್ಜಿಗಳು ಬೀಳುವುದು ಎದುರು ಪಕ್ಷವನ್ನು ಹೆದರಿಸಲು ಹಾಕಿದಂತೆ ಕಾಣುವುದರಿಂದ. ಮೊದಲು ಉದ್ಯೋಗದಾತರ ಸಂಬಳದ ದಾಖಲೆ, ಬ್ಯಾಂಕ್ ಸ್ಟೇಟ್‌ಮೆಂಟ್ ತರಿಸುವಂತೆ ಕೋರ್ಟನ್ನು ಕೇಳಿ. ಪಾಟೀಸವಾಲಿನಲ್ಲಿ ಅವರು ಅದೇ ಅಂಕಿಗೆ ಅಂಟಿಕೊಳ್ಳಲಿ. ಆಮೇಲೆ ಅಫಿಡವಿಟ್‌ನ ಇಂಥ ಪ್ಯಾರಾದ ಹೇಳಿಕೆ, ಅದರ ಪಕ್ಕದಲ್ಲೇ ದಾಖಲೆಯ ಅಂಕಿ, ಹೀಗೆ ಜೋಡಿಸಿ ಅರ್ಜಿ ಬರೆಯಿರಿ. ಸುಳ್ಳೆಂದು ಗೊತ್ತಿದ್ದೂ ಹೇಳಿದ್ದಾರೆ, ಆ ಸುಳ್ಳು ಜೀವನಾಂಶದ ಮೊತ್ತವನ್ನೇ ಬದಲಿಸುವಂಥದ್ದು ಎಂಬ ಎರಡೂ ಕಾಣಬೇಕು. ಅರ್ಜಿ ತಿರಸ್ಕೃತವಾದರೆ 380ನೇ ಕಲಂ ಅಡಿ ಮೇಲ್ಮನವಿಗೆ ಅವಕಾಶವಿದೆ. ಆರೋಪ ಸಾಬೀತಾದರೆ ಭಾರತೀಯ ನ್ಯಾಯ ಸಂಹಿತೆಯ 229ನೇ ಕಲಂ ಪ್ರಕಾರ 7 ವರ್ಷದವರೆಗೆ ಜೈಲು, 10,000 ರೂಪಾಯಿವರೆಗೆ ದಂಡ.

ಖೋಟಾ ದಾಖಲೆಯ ವಿಷಯ ಬೇರೆ. ಅದನ್ನು ಹೊರಗೆ ತಯಾರಿಸಿ ಆಮೇಲೆ ಕೋರ್ಟಿಗೆ ತಂದಿದ್ದರೆ ಕೋರ್ಟೇ ದೂರು ಕೊಡಬೇಕೆಂಬ ಈ ನಿರ್ಬಂಧವಿಲ್ಲ ಎಂದು 2005ರ ಇಕ್ಬಾಲ್ ಸಿಂಗ್ ಮರ್ವಾ ತೀರ್ಪು ಹೇಳಿದೆ. ಆಗ ನೇರವಾಗಿ ಠಾಣೆಗೆ ಹೋಗಬಹುದು.

ಪ್ರಶ್ನೆ: ಪೊಲೀಸರು ಬರೆದುಕೊಂಡ ಹೇಳಿಕೆಯಲ್ಲಿ ನಾನು ಹೇಳದ ಮಾತೂ ಇದೆ. ಕೋರ್ಟ್‌ನಲ್ಲಿ ಬೇರೆ ಹೇಳಿದರೆ ಶಿಕ್ಷೆಯೇ?

ಉತ್ತರ: ಅಷ್ಟಕ್ಕೇ ಶಿಕ್ಷೆಯಾಗುವುದಿಲ್ಲ. ಪೊಲೀಸರ ಮುಂದಿನ ಹೇಳಿಕೆ ಪ್ರಮಾಣದ ಮೇಲೆ ಕೊಟ್ಟದ್ದಲ್ಲ, ಅದಕ್ಕೆ ನಿಮ್ಮ ಸಹಿಯನ್ನೂ ಪಡೆಯುವಂತಿಲ್ಲ. ಮ್ಯಾಜಿಸ್ಟ್ರೇಟರ ಮುಂದೆ ಬಿಎನ್‌ಎಸ್‌ಎಸ್ 183ನೇ ಕಲಂ ಅಡಿ ಪ್ರಮಾಣ ಮಾಡಿ ಹೇಳಿದ್ದನ್ನು ತಿರುಗಿಸಿದರೆ ಮಾತ್ರ ಅಪಾಯ. 2002ರ ಗುಜರಾತ್ ಗಲಭೆಯ ಬೆಸ್ಟ್ ಬೇಕರಿ ಪ್ರಕರಣದಲ್ಲಿ ಪದೇ ಪದೇ ಹೇಳಿಕೆ ಬದಲಿಸಿದ ಮುಖ್ಯ ಸಾಕ್ಷಿಗೆ 2006ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಾಂಗ ನಿಂದನೆಗಾಗಿ 1 ವರ್ಷದ ಸಜೆ ವಿಧಿಸಿತು. ಸಾಕ್ಷಿಕಟ್ಟೆಗೆ ಹೋಗುವ ಮೊದಲೇ ಅಭಿಯೋಜಕರಿಗೆ ಯಾವ ಸಾಲು ನಿಮ್ಮದಲ್ಲ ಎಂದು ತಿಳಿಸಿ.