ಬೆನ್ನಿನ ಆಪರೇಷನ್ ಆದ ಮಗುವಿಗೆ ಎಣ್ಣೆ ನೀವಬಹುದಾ?

ಪ್ರಶ್ನೆ: ನನ್ನ ಮಗಳಿಗೆ 13 ವರ್ಷ. ಬೆನ್ನುಮೂಳೆ ಪಕ್ಕಕ್ಕೆ ಬಾಗಿತ್ತು, ಸ್ಕೋಲಿಯೋಸಿಸ್ ಅಂದರು. ಬಾಗು 58 ಡಿಗ್ರಿ ಇತ್ತು. ಐದು ವಾರದ ಹಿಂದೆ ಆಪರೇಷನ್ ಮಾಡಿ ರಾಡ್, ಸ್ಕ್ರೂ ಹಾಕಿದ್ದಾರೆ. ಗಾಯ ಒಣಗಿದೆ. ಆದರೆ ರಾತ್ರಿ ಭುಜ, ಕುತ್ತಿಗೆ ನೋವು ಅಂತ ಅಳುತ್ತಾಳೆ. ಬೆನ್ನು ಮುಟ್ಟಲು ಯಾರನ್ನೂ ಬಿಡುವುದಿಲ್ಲ. ನಮ್ಮತ್ತೆ ಬಿಸಿ ಎಣ್ಣೆ ಹಚ್ಚಿ ನೀವುತ್ತೇನೆ ಅಂತಾರೆ. ಊರಿನಲ್ಲಿ ಮಸಾಜ್ ಮಾಡುವವರೊಬ್ಬರು ಉಳಿದ ಸೊಟ್ಟವನ್ನೂ ತೆಗೆಯುತ್ತೇನೆ ಅಂದಿದ್ದಾರೆ. ಮಾಡಿಸಬಹುದಾ?
– ಒಬ್ಬ ತಾಯಿ, ಶಿರಸಿ

ಉತ್ತರ: ಮೊದಲು ಆ ಮಸಾಜ್‌ನವರ ವಿಷಯ. ಬೇಡ. ಖಂಡಿತ ಬೇಡ.

ಈ ಆಪರೇಷನ್‌ನಲ್ಲಿ ಬಾಗಿದ ಜಾಗದ ಮೂಳೆಗಳ ನಡುವೆ ಮೂಳೆಯ ಚೂರು ಇಟ್ಟಿರುತ್ತಾರೆ. ಅವೆಲ್ಲ ಬೆಸೆದು ಒಂದೇ ಗಟ್ಟಿ ಮೂಳೆ ಆಗಲು ಆರು ತಿಂಗಳಿಂದ ಒಂದು ವರ್ಷ ಹಿಡಿಯುತ್ತದೆ. ಅಲ್ಲಿಯ ತನಕ ಬೆನ್ನನ್ನು ಹಿಡಿದು ನಿಲ್ಲಿಸಿರುವುದು ರಾಡ್ ಮತ್ತು ಸ್ಕ್ರೂ. ಈಗ ಯಾರಾದರೂ ಬೆನ್ನು ಒತ್ತಿದರೆ, ತಿರುಚಿದರೆ, ನೆಟಿಗೆ ತೆಗೆದರೆ ಸ್ಕ್ರೂ ಸಡಿಲ ಆಗಬಹುದು, ಬೆಸೆಯುವ ಕೆಲಸವೂ ಕೆಡಬಹುದು. ಇನ್ನು ಉಳಿದ ಸೊಟ್ಟ. ಅದು ಸರ್ಜನ್ ಮರೆತು ಬಿಟ್ಟದ್ದಲ್ಲ. ಬೆನ್ನುಹುರಿಗೆ ಪೆಟ್ಟಾಗದಂತೆ ಎಷ್ಟು ನೇರ ಮಾಡಬಹುದೋ ಅಷ್ಟೇ ಮಾಡಿರುತ್ತಾರೆ. ಅದನ್ನು ಕೈಯಿಂದ ನೀವಿ ಸರಿ ಮಾಡಲು ಯಾರಿಗೂ ಆಗುವುದಿಲ್ಲ.

ಅತ್ತೆಯವರ ಮಾತಿಗೆ ಬರೋಣ. ಅವರನ್ನು ಸುಮ್ನೆ ಕೂರಿಸಬೇಡಿ. ಭುಜ ಯಾಕೆ ನೋಯುತ್ತದೆ ಗೊತ್ತಾ? ರಾಡ್ ಹಾಕಲು ಬೆನ್ನಿನ ಎರಡೂ ಬದಿಯ ಸ್ನಾಯುಗಳನ್ನು ಮೂಳೆಯಿಂದ ಬಿಡಿಸಿ ಸರಿಸಿರುತ್ತಾರೆ. ಜೊತೆಗೆ ವರ್ಷಗಟ್ಟಲೆ ವಾರೆಯಾಗಿ ನಿಂತ ಮೈ ಒಂದೇ ದಿನದಲ್ಲಿ ನೇರ ಆಗಿದೆ. ಕುತ್ತಿಗೆ, ಭುಜದ ಸ್ನಾಯುಗಳು ಹೊಸದಾಗಿ ಹೊಂದಿಕೊಳ್ಳಬೇಕು. ನೋವಿನ ಹೆದರಿಕೆಗೆ ಮಕ್ಕಳು ಭುಜವನ್ನು ಕಿವಿಯ ತನಕ ಎತ್ತಿ ಬಿಗಿ ಹಿಡಿದಿರುತ್ತಾರೆ, ಅದರಿಂದ ನೋವು ಇನ್ನೂ ಜಾಸ್ತಿ. ಮೆಲ್ಲಗೆ ನೀವಿದರೆ ಈ ಬಿಗಿ ಸಡಿಲವಾಗುತ್ತದೆ, ನಿದ್ದೆಯೂ ಬರುತ್ತದೆ.

ಆದರೆ ಶುರು ಮಾಡುವುದು ಪಾದದಿಂದ. ಆಮೇಲೆ ಅಂಗೈ, ಮುಂಗೈ, ತಲೆ. ಭುಜದ ಮೇಲ್ಭಾಗಕ್ಕೆ ನಿಮ್ಮ ಸರ್ಜನ್ ಒಪ್ಪಿದ ಮೇಲೆ ಮಾತ್ರ ಕೈ ಹಾಕಿ, ಅದೂ ಗಾಯದ ಗುರುತಿನಿಂದ ನಾಲ್ಕು ಬೆರಳು ದೂರದಲ್ಲಿ. ಬೋರಲು ಮಲಗಿಸಬೇಡಿ. ಬೆನ್ನು ನೇರ ಇರುವಂತೆ ಕುರ್ಚಿಯಲ್ಲಿ ಕೂರಿಸಿ, ಎದುರಿನ ಮೇಜಿನ ಮೇಲೆ ದಿಂಬಿಟ್ಟು ಕೈ ಇಡಿಸಿ. ಇಲ್ಲವೇ ಮೊಣಕಾಲ ನಡುವೆ ದಿಂಬಿಟ್ಟು ಪಕ್ಕಕ್ಕೆ ಮಲಗಿಸಿ. ಹೊರಳಿಸುವಾಗ ಭುಜ, ಸೊಂಟ ಒಟ್ಟಿಗೇ ತಿರುಗಬೇಕು, ಮರದ ದಿಮ್ಮಿ ಉರುಳಿದ ಹಾಗೆ. ಹತ್ತು ನಿಮಿಷ ಸಾಕು. ಕೊಬ್ಬರಿ ಎಣ್ಣೆ ಸಾಕು, ಉಗುರು ಬೆಚ್ಚಗೆ ಇರಲಿ. ಬಿಸಿ ಬೇಡ ಅನ್ನುವುದಕ್ಕೆ ಕಾರಣ ಇದೆ: ಗಾಯದ ಸುತ್ತ ಚರ್ಮ ಹಲವು ತಿಂಗಳು ಜೋಮು ಹಿಡಿದಿರುತ್ತದೆ. ಬಿಸಿನೀರಿನ ಚೀಲದಿಂದ ಸುಟ್ಟರೂ ಮಗುವಿಗೆ ತಿಳಿಯುವುದಿಲ್ಲ.

ನಿಮ್ಮ ಪತ್ರದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಅವಳು ಬೆನ್ನು ಮುಟ್ಟಲು ಬಿಡುವುದಿಲ್ಲ ಅನ್ನುವ ಸಾಲು. ಆಸ್ಪತ್ರೆಯಲ್ಲಿ ಹಗಲು ರಾತ್ರಿ ಯಾರ್ಯಾರೋ ಬಂದು ಹೊರಳಿಸಿದ್ದಾರೆ, ಬ್ಯಾಂಡೇಜ್ ಕಿತ್ತಿದ್ದಾರೆ, ಸೂಜಿ ಚುಚ್ಚಿದ್ದಾರೆ. ಕೈ ಹತ್ತಿರ ಬಂತು ಅಂದರೆ ನೋವು ಬಂತು ಅಂತಲೇ ಅವಳ ಲೆಕ್ಕ. ಮಕ್ಕಳ ಫಿಸಿಯೋಥೆರಪಿ ಮಾಡುವ ನಾನು ಇಂಥ ಮಕ್ಕಳನ್ನು ಬಹಳ ನೋಡಿದ್ದೇನೆ. ಒಬ್ಬ ಹುಡುಗ ಎಡ ಅಂಗೈ ಬಿಟ್ಟು ಬೇರೇನೂ ಮುಟ್ಟಲು ಬಿಡುತ್ತಿರಲಿಲ್ಲ. ಅವನ ತಾಯಿ ದಿನಾ ಸಂಜೆ ಅಷ್ಟನ್ನೇ ನೀವಿದರು. ಕೆಲವು ವಾರದ ಮೇಲೆ ಅವನೇ ಕುತ್ತಿಗೆ ತೋರಿಸಿದ. ಹಾಗಾಗಿ ಪ್ರತಿ ಸಲವೂ ಮಗಳನ್ನು ಕೇಳಿ. ಅವಳು ‘ಸಾಕು’ ಅಂದ ತಕ್ಷಣ ಕೈ ತೆಗೆಯಿರಿ. ಅಜ್ಜಿಗೂ ಇದನ್ನು ಹೇಳಿ. ನನ್ನ ಮಟ್ಟಿಗೆ ಎಣ್ಣೆಗಿಂತ ಇದು ಮುಖ್ಯ.

ಗಾಯದ ಗುರುತನ್ನು ನೀವುವ ಬಗ್ಗೆ ಮುಂದಿನ ಚೆಕಪ್‌ನಲ್ಲಿ ಕೇಳಿ. ಹಕ್ಕಳೆ ಪೂರ್ತಿ ಉದುರಿದ್ದು, ಡಾಕ್ಟರ್ ಸರಿ ಅಂದರೆ ಬೆರಳ ತುದಿಯಿಂದ ಸಣ್ಣ ಸುತ್ತು ಹಾಕಬಹುದು. ಅದನ್ನು ಅವಳ ಕೈಗೆ ಎಟುಕುವಷ್ಟು ಅವಳೇ ಮಾಡಲಿ, ಆದರೆ ಮೈ ತಿರುಚಿ ಬೇಡ.

ಜ್ವರ, ಗಾಯದಲ್ಲಿ ಕೀವು ಅಥವಾ ನೀರು, ಕಾಲಿನಲ್ಲಿ ಹೊಸದಾಗಿ ಶಕ್ತಿ ಕಡಿಮೆ, ಮೂತ್ರ ಕಟ್ಟುವುದು, ಒಂದೇ ಮೀನಖಂಡ ಊದಿ ನೋಯುವುದು: ಇವುಗಳಲ್ಲಿ ಯಾವುದು ಕಂಡರೂ ನೀವಬೇಡಿ, ಅವತ್ತೇ ಆಸ್ಪತ್ರೆಗೆ ಹೋಗಿ.

ಪ್ರಶ್ನೆ: ಮಗನಿಗೆ 9 ವರ್ಷ. ಬೆನ್ನುಮೂಳೆಯ ಟಿಬಿಗೆ ಆಪರೇಷನ್ ಆಗಿದೆ. ಕಾಲಿನಲ್ಲಿ ಶಕ್ತಿ ಇನ್ನೂ ಬಂದಿಲ್ಲ. ಎಣ್ಣೆ ತಿಕ್ಕಿದರೆ ಬರುತ್ತದಾ?
– ಒಬ್ಬ ತಂದೆ, ರಾಯಚೂರು

ಉತ್ತರ: ತಿಕ್ಕುವುದರಿಂದ ಶಕ್ತಿ ಬರುವುದಿಲ್ಲ. ನರ ಚೇತರಿಸಿಕೊಳ್ಳಬೇಕು, ಅದಕ್ಕೆ ತಿಂಗಳುಗಳು ಬೇಕಾಗಬಹುದು, ವ್ಯಾಯಾಮ ಬೇಕು. ಟಿಬಿ ಮಾತ್ರೆಯನ್ನು ಡಾಕ್ಟರ್ ಹೇಳುವ ತನಕ ಒಂದು ದಿನವೂ ಬಿಡಬಾರದು. ಆಪರೇಷನ್ ಆಯಿತಲ್ಲ ಅಂತ ಮಾತ್ರೆ ನಿಲ್ಲಿಸುವವರಿದ್ದಾರೆ, ಅದು ಬಹಳ ಅಪಾಯ. ಮೃದುವಾಗಿ ನೀವುವುದು, ಕೀಲುಗಳನ್ನು ಮೆಲ್ಲಗೆ ಮಡಚಿ ಬಿಡಿಸುವುದು ಕಾಲು ಸೆಟೆಯದಂತೆ ಕಾಯುತ್ತದೆ, ಫಿಸಿಯೋಥೆರಪಿಸ್ಟ್ ಹತ್ತಿರ ಒಮ್ಮೆ ನೋಡಿ ಕಲಿಯಿರಿ. ನೀವುವಾಗ ಹಿಮ್ಮಡಿ, ಪೃಷ್ಠ, ಸೊಂಟದ ಪಕ್ಕ ದಿನಾ ನೋಡಿ. ಚರ್ಮ ಕೆಂಪಾಗಿದ್ದರೆ ಅಲ್ಲಿ ತಿಕ್ಕಬೇಡಿ, ಆ ಜಾಗದ ಮೇಲೆ ಭಾರ ಬೀಳದಂತೆ ಮಲಗಿಸಿ ಡಾಕ್ಟರ್‌ಗೆ ತೋರಿಸಿ.