ನೊಂದವರು ಯಾರ ಕಡೆಯವರು?

ಪ್ರಶ್ನೆ: ನಾನು ಕಚೇರಿಯ ದೂರು ಸಮಿತಿಯಲ್ಲಿದ್ದೇನೆ. ನಮ್ಮವರ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು, ಹೊರಗಿನವರು ತಪ್ಪಿದರೆ ಮಾತ್ರ ದಂಡಿಸುವುದು ಎಲ್ಲ ಸಮಾಜಗಳಲ್ಲೂ ಇದೆಯೇ?

ಉತ್ತರ: ಪಕ್ಷಪಾತ ಇದೆ. ಆದರೆ ನೀವು ಅದನ್ನು ತಪ್ಪು ಮಾಡಿದವರ ಕಡೆ ಹುಡುಕುತ್ತಿದ್ದೀರಿ. ನೊಂದವರ ಕಡೆಗೂ ಒಮ್ಮೆ ತಿರುಗಿ ನೋಡಿ.

ಪಪುವಾ ನ್ಯೂಗಿನಿಯ ವೊಲಿಂಬ್ಕಾ ಮತ್ತು ಎಂಗೆನಿಕಾ ಬುಡಕಟ್ಟುಗಳ ನಡುವೆ ನಡೆಸಿದ ಪ್ರಯೋಗವೊಂದು 2006ರಲ್ಲಿ ಪ್ರಕಟವಾಯಿತು. ಒಬ್ಬನಿಗೆ ಒಂದಿಷ್ಟು ಕಿನಾ, ಅಂದರೆ ಅಲ್ಲಿನ ಹಣ, ಕೊಟ್ಟರು. ಬರಿಗೈಯಲ್ಲಿದ್ದ ಇನ್ನೊಬ್ಬನಿಗೆ ಎಷ್ಟು ಕೊಡುವುದು ಎಂಬುದು ಅವನ ಇಷ್ಟ. ಇದನ್ನು ನೋಡುತ್ತಿದ್ದ ಮೂರನೆಯವನು ಬೇಕೆನಿಸಿದರೆ ತನ್ನ ಹಣ ತೆತ್ತು ಆ ಜಿಪುಣನಿಗೆ ದಂಡ ಹಾಕಬಹುದಿತ್ತು. ಪಾಲು ಸಿಗದವನು ತನ್ನ ಬುಡಕಟ್ಟಿನವನಾಗಿದ್ದಾಗ ಈ ಮೂರನೆಯವನು ಹೆಚ್ಚು ದಂಡ ಹಾಕಿದ. ವಂಚಿಸಿದವನು ಸ್ವಂತ ಬುಡಕಟ್ಟಿನವನೇ ಆಗಿದ್ದರೂ ಬಿಡಲಿಲ್ಲ. ನೊಂದವನು ಹೊರಗಿನವನಾದಾಗ ಮಾತ್ರ ಅವನ ಕೈ ಹಿಂದೆ ಸರಿಯಿತು. ಹಂಚುವವರ ಎಣಿಕೆ ನಿಮ್ಮದರಂತೆಯೇ ಇತ್ತು: ನೋಡುವವನು ನಮ್ಮವನಾದರೆ ರಿಯಾಯಿತಿ ಸಿಗುತ್ತದೆ ಎಂದುಕೊಂಡಿದ್ದರು. ನನ್ನನ್ನು ಹೆಚ್ಚು ಕಾಡುವುದು ಇದೇ. ಹೊರಗಿನವರ ಮೇಲಿನ ದ್ವೇಷವನ್ನು ನಾವು ಗುರುತಿಸುತ್ತೇವೆ. ಅವರಿಗೆ ಅನ್ಯಾಯವಾದಾಗ ನಮಗೆ ಬಾರದ ಸಿಟ್ಟನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಇನ್ನು ಸಮಾಜದಿಂದ ಸಮಾಜಕ್ಕೆ ಇರುವ ವ್ಯತ್ಯಾಸ. ಸ್ವದೇಶದವರೊಡನೆ ಹೆಚ್ಚು ಸಹಕರಿಸುವ ಒಲವು ಬಹುತೇಕ ಎಲ್ಲೆಡೆ ಇದೆಯೆಂದು 42 ದೇಶಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಶಿಕ್ಷೆಯ ರೀತಿ ಮಾತ್ರ ತುಂಬ ಬೇರೆ. 16 ನಗರಗಳ ಪ್ರಯೋಗವೊಂದರ ಫಲಿತಾಂಶ 2008ರಲ್ಲಿ ಬಂತು. ನಾಲ್ವರು ಅಪರಿಚಿತರು ಸೇರಿ ಸಾಮೂಹಿಕ ನಿಧಿಗೆ ಹಣ ಹಾಕುವ ಆಟ ಅದು; ಯಾರು ಎಷ್ಟು ಹಾಕಿದರೆಂದು ನೋಡಿ ಒಬ್ಬರಿಗೊಬ್ಬರು ದಂಡ ಹಾಕಬಹುದಿತ್ತು. ಬಾಸ್ಟನ್‌ನಲ್ಲಿ ದಂಡ ಬಿದ್ದದ್ದು ಹೆಚ್ಚಾಗಿ ಕಡಿಮೆ ಹಾಕಿದವರಿಗೆ. ಅಥೆನ್ಸ್, ಮಸ್ಕತ್‌ಗಳಲ್ಲಿ ಉದಾರವಾಗಿ ಹಾಕಿದವರಿಗೂ ಪೆಟ್ಟು ಬಿತ್ತು! ಕಾನೂನಿನ ಆಡಳಿತ ದುರ್ಬಲವಾಗಿರುವ ಸಮಾಜಗಳಲ್ಲಿ ಇದು ಹೆಚ್ಚೆಂದು ಸಂಶೋಧಕರು ಕಂಡರು. ಭಾಗವಹಿಸಿದವರು ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು, ಆದ್ದರಿಂದ ಇಡೀ ಜನಾಂಗಕ್ಕೆ ಹಣೆಪಟ್ಟಿ ಅಂಟಿಸುವುದನ್ನು ನಾನು ಒಪ್ಪುವುದಿಲ್ಲ.

ನಿಮ್ಮ ಸಮಿತಿಗೆ ಬರುತ್ತೇನೆ. ಆರೋಪಿ ಯಾರ ಕಡೆಯವರು ಎಂದು ನೀವು ಈಗಾಗಲೇ ವಿಚಾರಿಸುತ್ತಿರಬಹುದು. ದೂರು ಕೊಟ್ಟವರ ಗುಂಪಿನಿಂದ ಒಬ್ಬರಾದರೂ ಸಮಿತಿಯಲ್ಲಿದ್ದಾರೆಯೇ? ಇಲ್ಲದಿದ್ದರೆ ಮುಂದಿನ ವಿಚಾರಣೆಗೆ ಮೊದಲೇ ಒಬ್ಬರನ್ನು ಸೇರಿಸಿಕೊಳ್ಳಿ.