ಜೈಲಲ್ಲಿ ಅಪ್ಪನನ್ನು ನೋಡಿ ಬಂದ ಮೇಲೆ ಮಗ ಮಾತು ಬಿಟ್ಟಿದ್ದಾನೆ: ಪ್ರತಿಕ್ರಿಯೆ

ಅಪ್ಪನ ಹೆಸರೆತ್ತಿದರೆ ಏಳು ವರ್ಷದ ಮಗ ಎದ್ದು ಹೋಗುತ್ತಾನೆ ಅಂತ ಬರೆದಿದ್ದೀರಿ. ಅದು ಬಹುಶಃ ಸಿಟ್ಟಿನಿಂದಲ್ಲ. 'ಕೆಲಸಕ್ಕೆ ಹೋಗಿದ್ದಾರೆ' ಅಂತ ಹೇಳಿ ಕರೆದೊಯ್ದಿರಿ, ಅಲ್ಲಿ ಅವನು ಕಂಡದ್ದು ಕಂಬಿ, ಕಾವಲು. ಮೊದಲು ನಿಜ ಹೇಳಿ, ಚಿಕ್ಕದಾಗಿ: 'ಅಪ್ಪ ತಪ್ಪು ಮಾಡಿದ್ದಾರೆ ಅಂತ ಕೋರ್ಟ್ ಹೇಳಿದೆ, ಅದಕ್ಕೇ ಜೈಲಲ್ಲಿದ್ದಾರೆ. ಇದು ನಿನ್ನಿಂದ ಆಗಿದ್ದಲ್ಲ.' ಕೊನೆಯ ಮಾತು ಬಿಡಲೇಬೇಡಿ. ನಮ್ಮ ಮನೆಯಲ್ಲೂ ಇದೇ ಪರಿಸ್ಥಿತಿ ಇತ್ತು; ನನ್ನ ಮಗಳು ಆ ಮಾತು ಕೇಳಿ, ಫ್ರಾಕಿನ ಅಂಚು ತಿರುಚುತ್ತಾ, 'ನಾನು ಅವತ್ತು ಹಟ ಮಾಡಿದ್ದಕ್ಕಲ್ವಾ?' ಅಂದಿದ್ದಳು. ತಿಂಗಳುಗಟ್ಟಲೆ ಅದನ್ನೇ ಹೊತ್ತಿತ್ತು ಮಗು.

ಆಮೇಲೆ ಭೇಟಿಗೆ ಒತ್ತಾಯ ಬೇಡ, ಅವನು ಬರೆದ ಚಿತ್ರ ಕಳಿಸಿ. 'ಯಾಕೆ ಬರಲಿಲ್ಲ' ಅಂತ ಕೇಳಬೇಡಿ ಎಂದು ಅವನ ಅಪ್ಪನಿಗೂ ತಿಳಿಸಿ. ಮಗನೇ ಬರುತ್ತೇನೆ ಅಂದಾಗ ತಪಾಸಣೆ, ಕಾಯುವುದು, ಅಪ್ಪನನ್ನು ಮುಟ್ಟಲು ಬಿಡದಿರಬಹುದು ಎಂಬುದು, ಎಲ್ಲ ಮೊದಲೇ ಹೇಳಿ. ಅವನು ಮತ್ತೆ ಮಾತಾಡಲು ಎಷ್ಟು ದಿನ ಹಿಡಿಯುತ್ತದೋ ಹೇಳಲಾರೆ. ಊಟ, ನಿದ್ದೆ ಕೆಟ್ಟಿದ್ದರೆ ಮಾತ್ರ ಕಾಯದೆ ಮಕ್ಕಳ ಆಪ್ತಸಮಾಲೋಚಕರನ್ನು ಕಾಣಿ.